ಮೂರನೇ ಸೀಟಿಯೊಳಗೆ ಏಳೋಕಾಗುತ್ತಾ? ಪುರುಸೊತ್ತಿಲ್ಲದವರ ಗೇಮ್ ಪ್ರಶ್ನೆಗಳಿಗೆ ಉತ್ತರ

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಶುರುವಾದ ಮಾರನೇ ದಿನವೇ ನನ್ನ ಇನ್‌ಬಾಕ್ಸ್ ತುಂಬಿಕೊಳ್ಳುತ್ತದೆ. ಹೆಸರು ಬೇರೆ, ಏರಿಯಾ ಬೇರೆ, ಪ್ರಶ್ನೆ ಮಾತ್ರ ಒಂದೇ: "ಸಾರ್, ಕಡಿಮೆ ದುಡ್ಡಿಗೆ ಜಾಸ್ತಿ ಗಂಟೆ ಓಡುವ ಗೇಮ್ ಯಾವುದು?" ನಾನು 14 ವರ್ಷ ಗೇಮ್ ಟೆಸ್ಟಿಂಗ್ ಮಾಡಿದವನು. ಗೇಮಿನೊಳಗಿನ ಮನುಷ್ಯನನ್ನು ಒಂದೇ ಗೋಡೆಗೆ ದಿನಕ್ಕೆ ನೂರು ಸಲ ಗುದ್ದಿಸಿ, ಆಚೆ ತೂರಿಕೊಳ್ಳುತ್ತಾನಾ ಅಂತ ನೋಡೋದೇ ಸಂಬಳದ ಕೆಲಸ ಆಗಿತ್ತು. ಅಷ್ಟು ತಾಳ್ಮೆ ಇರುವ ನನಗೂ ಈ ಪ್ರಶ್ನೆ ಸಾಕಾಗಿದೆ. ಹಾಗಾಗಿ ಈ ಸಲ ಉದ್ದಕ್ಕೆ ಬರೆದುಬಿಡುತ್ತೇನೆ. ಖಾತೆ ತೆರೆಯೋದು ಹೇಗೆ, ಯುಪಿಐನಲ್ಲಿ ದುಡ್ಡು ಕಟ್ಟೋದು ಹೇಗೆ ಅನ್ನೋದನ್ನೆಲ್ಲ ನನ್ನನ್ನು ಕೇಳಬೇಡಿ. ಪಕ್ಕದ ಮನೆಯ ಹೈಸ್ಕೂಲು ಹುಡುಗನನ್ನು ಕೇಳಿ.

ಪ್ರಶ್ನೆ: ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡ್. ಹೋಗಿ ಬರೋದಕ್ಕೇ ದಿನಕ್ಕೆ ಮೂರು ಗಂಟೆ ಹೋಗ್ತದೆ. ಎರಡು ವರ್ಷದ ಮಗಳಿದ್ದಾಳೆ. ರಾತ್ರಿ ಹತ್ತರ ಮೇಲೆ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಲ್ಯಾಪ್‌ಟಾಪ್ ಹಳೇದು, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗೇಮಿಗೆ ಅಂತ ತಿಂಗಳಿಗೆ 500 ರೂಪಾಯಿ ಇಟ್ಟಿದ್ದೀನಿ. ಹೋದ ಸೇಲ್‌ನಲ್ಲಿ ಒಂಬತ್ತು ಗೇಮ್ ತಗೊಂಡೆ, ಒಂದೂ ಮುಗಿದಿಲ್ಲ. ಅದರ ಬದಲು ನೂರಾರು ಗಂಟೆ ಓಡೋ ಒಂದೇ ದೊಡ್ಡ ಗೇಮ್ ತಗೊಂಡ್ರೆ ಗಂಟೆಗೆ ಐದು ರೂಪಾಯಿನೂ ಬೀಳಲ್ಲ ಅಲ್ವಾ?

ಬೀಳಲ್ಲ. ಆದರೆ ಆ ಲೆಕ್ಕ ಕಾಲೇಜು ಹುಡುಗರದ್ದು. ಅವರ ಹತ್ತಿರ ಹೊತ್ತಿದೆ, ದುಡ್ಡಿಲ್ಲ. ನಿಮ್ಮ ಹತ್ತಿರ ಹೊತ್ತೇ ಇಲ್ಲ. ಮದುವೆ ಊಟಕ್ಕೆ ಕೂತವನು ಬಡಿಸಿದ್ದೆಲ್ಲ ಲಾಭ ಅಂತ ಎಲೆ ತುಂಬಿಸಿಕೊಂಡರೆ ಹೊಟ್ಟೆ ದೊಡ್ಡದಾಗುತ್ತದಾ?

ಸುಮ್ನೆ ಲೆಕ್ಕ ಹಾಕೋಣ. 2015ರಲ್ಲಿ ಬಂದ ವಿಚರ್ 3 ತಗೊಳ್ಳಿ. ಒಳ್ಳೇ ಗೇಮ್, ಸೇಲ್‌ನಲ್ಲಿ ಅಗ್ಗಕ್ಕೂ ಸಿಗುತ್ತದೆ. ಅಕ್ಕಪಕ್ಕ ನೋಡದೆ ಬರೀ ಮುಖ್ಯ ಕಥೆ ಆಡಿದರೂ ಹತ್ತಿರ ಹತ್ತಿರ 50 ಗಂಟೆ ಬೇಕು. ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ಅಂದರೆ ಎರಡೂವರೆ ಗಂಟೆ. ಅಲ್ಲಿಗೆ 20 ವಾರ. ಯುಗಾದಿಗೆ ಶುರು ಮಾಡಿದರೆ ಗಣೇಶನ ಹಬ್ಬದ ಹೊತ್ತಿಗೆ ಮುಗಿಯಬೇಕು, ಅದೂ ಒಂದು ದಿನವೂ ತಪ್ಪಿಸದೆ. ಮಗುವಿಗೆ ಜ್ವರ, ಊರಿಂದ ನೆಂಟರು, ಆಫೀಸಲ್ಲಿ ರಿಲೀಸು ಅಂತ ನಡುವೆ ಹತ್ತು ದಿನ ತಪ್ಪಿತು ಅನ್ನಿ, ತಿರುಗಿ ಬಂದಾಗ ಯಾವ ಬಟನ್ ಒತ್ತಿದರೆ ಕತ್ತಿ ಬೀಸುತ್ತಾನೆ, ಯಾವ ಊರಲ್ಲಿ ಯಾರನ್ನು ಹುಡುಕುತ್ತಿದ್ದೆ ಅನ್ನೋದು ನೆನಪಾಗೋದರೊಳಗೆ ನಿಮ್ಮ ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ಹೋಗಿರುತ್ತದೆ. ನೀವು ಆ ಗೇಮ್ ಮುಗಿಸೋದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮುಗಿಸಿಲ್ಲ.

ಎಷ್ಟು ಗಂಟೆ ಓಡುತ್ತದೆ ಅನ್ನೋದನ್ನು ಬಿಡಿ. ಬಿಟ್ಟು ಏಳೋಕೆ ಎಷ್ಟು ಹೊತ್ತು ಬೇಕು ಅಂತ ನೋಡಿ. ನನ್ನದು ಕುಕ್ಕರ್ ಪರೀಕ್ಷೆ. ಒಲೆ ಮೇಲೆ ಬೇಳೆ ಇಟ್ಟು ಆಡೋಕೆ ಕೂತಿದ್ದೇನೆ, ಮೂರನೇ ಸೀಟಿಗೆ ಆರಿಸಬೇಕು. ಎರಡನೇ ಸೀಟಿ ಆದ ಮೇಲೆ, ಮೂರನೆಯದು ಆಗೋದರೊಳಗೆ ಏನೂ ಕಳೆದುಕೊಳ್ಳದೆ ಎದ್ದು ಹೋಗಬಹುದಾದರೆ ಆ ಗೇಮ್ ಪಾಸು. ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ನಮಗೆ ದುಬಾರಿ.

ಪಾಸಾದವು ಹೇಳುತ್ತೇನೆ. ಇನ್‌ಟು ದಿ ಬ್ರೀಚ್, 2018ರದ್ದು. ಎಂಟಕ್ಕೆಂಟು ಮನೆಯ ಚದುರಂಗದ ಹಾಸಿನಂಥ ನೆಲ, ನಿಮ್ಮ ಕಡೆ ಮೂರು ಯಂತ್ರ, ಎದುರಿಗೆ ದೈತ್ಯ ಹುಳಗಳು. ಹುಳ ಮುಂದೆ ಎಲ್ಲಿ ಹೊಡೆಯುತ್ತದೆ ಅಂತ ಮೊದಲೇ ತೋರಿಸಿಬಿಡುತ್ತಾರೆ. ಅದನ್ನು ತಪ್ಪಿಸೋದು ಹೇಗೆ ಅಂತ ನೀವು ತಲೆ ಕೆರೆದುಕೊಳ್ಳಬೇಕು. ಒಂದು ಕಾಳಗ ಅಂದರೆ ಸಾಮಾನ್ಯವಾಗಿ ಐದೇ ಸರದಿ. ನೀವು ನಡೆಸುವ ತನಕ ಏನೂ ಅಲುಗಾಡಲ್ಲ, ಮಗಳು ಎದ್ದರೆ ಹಾಗೇ ಬಿಟ್ಟು ಹೋಗಿ. ನಾನು ಒಂದು ನಡೆ ಯೋಚಿಸುತ್ತಾ ಬೇಳೆ ಇಳಿಸಿ, ಒಗ್ಗರಣೆ ಹಾಕಿ, ಊಟ ಮುಗಿಸಿ ಬಂದು ನಡೆಸಿದ್ದೇನೆ. ಒಗ್ಗರಣೆ ಹಾಕುವಾಗಲೇ ಉತ್ತರ ಹೊಳೆದಿತ್ತು.

ಸ್ಲೇ ದಿ ಸ್ಪೈರ್, 2019. ಇಸ್ಪೀಟಿನಂಥ ಎಲೆಗಳನ್ನು ಕೂಡಿಸಿಕೊಂಡು, ಕಾಳಗ ಮಾಡುತ್ತಾ ಗೋಪುರ ಹತ್ತೋದು. ಪೂರ್ತಿ ಹತ್ತೋಕೆ ಒಂದು ಗಂಟೆ ಮೇಲೆ ಹಿಡಿಯಬಹುದು, ಆದರೆ ಎರಡು ಮೂರು ರಾತ್ರಿಗೆ ಹಂಚಿಕೊಳ್ಳಬಹುದು. ಕಾಳಗದ ನಡುವೆ ಸೇವ್ ಮಾಡಿ ಮುಚ್ಚಿದರೆ ಆ ಒಂದು ಕಾಳಗ ಮಾತ್ರ ಮೊದಲಿಂದ ಬರುತ್ತದೆ, ಅಷ್ಟೇ ನಷ್ಟ. ಬಲಾಟ್ರೋ, 2024ರದ್ದು, ಒಬ್ಬನೇ ಮಾಡಿದ ಗೇಮ್. ಪೋಕರ್ ಎಲೆಗಳನ್ನು ಇಟ್ಟುಕೊಂಡು ಲೆಕ್ಕಾಚಾರ, ಆದರೆ ಬಾಜಿ ಇಲ್ಲ, ಜೇಬಿಂದ ದುಡ್ಡೂ ಹೋಗಲ್ಲ. ಪೋಕರ್ ಬರದಿದ್ದರೂ ನಡೆಯುತ್ತದೆ. ಇದರ ವಿಷಯದಲ್ಲಿ ಮಾತ್ರ ಹುಷಾರು. ಏಳೋಕೆ ಒಂದು ಸೆಕೆಂಡ್ ಸಾಕು, ಆದರೆ ಏಳೋ ಮನಸ್ಸೇ ಬರಲ್ಲ. ನಾನು ಹನ್ನೊಂದಕ್ಕೆ ಅಲಾರಾಂ ಇಟ್ಟು, ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಬಂದು ಆಡುತ್ತೇನೆ. ಅಲಾರಾಂ ಆರಿಸೋಕಾದರೂ ಎದ್ದು ಹೋಗಬೇಕಲ್ಲ. ಈ ಎರಡೂ ಗೇಮ್ ಫೋನಿಗೂ ಇವೆ, ನೇರಳೆ ಮಾರ್ಗದ ಮೆಟ್ರೋದಲ್ಲಿ ಸೀಟು ಸಿಕ್ಕ ದಿನ ಬೇಕಾದರೆ ಅದನ್ನೂ ನೋಡಿ. ಈ ಮೂರಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಡ.

ಸ್ಟಾರ್‌ಡ್ಯೂ ವ್ಯಾಲಿ ಅರ್ಧ ಪಾಸು. ಹೊಲ ಉಳೋ ಗೇಮ್, ಎಲ್ಲರಿಗೂ ಇಷ್ಟ. ಆದರೆ ಗೇಮಿನೊಳಗೆ ದಿನ ಮುಗಿಸಿ ಮಲಗಿದ ಮೇಲೇ ಅದು ಸೇವ್ ಆಗೋದು, ಒಂದು ದಿನಕ್ಕೆ ಸುಮಾರು 14 ನಿಮಿಷ. ಹನ್ನೆರಡನೇ ನಿಮಿಷಕ್ಕೆ ಕರೆಂಟ್ ಹೋಗಿ, ಲ್ಯಾಪ್‌ಟಾಪ್ ಬ್ಯಾಟರಿಯೂ ಸತ್ತಿದ್ದರೆ ಅವತ್ತು ಹಾಕಿದ ನೀರು, ಹಿಡಿದ ಮೀನು ಎಲ್ಲ ಹೋಯಿತು. ವ್ಯಾಲೊರೆಂಟ್ ಥರದ ಆನ್‌ಲೈನ್ ಮ್ಯಾಚು ನಪಾಸು. ಒಂದು ತಂಡ 13 ಸುತ್ತು ಗೆಲ್ಲುವ ತನಕ ಕೂರಲೇಬೇಕು, ಮಧ್ಯ ಎದ್ದರೆ ದಂಡ ಬೀಳುತ್ತದೆ, ಜೊತೆಗಿನ ನಾಲ್ಕು ಜನ ನಿಮ್ಮ ವಂಶವನ್ನೇ ಬೈಯುತ್ತಾರೆ. ಮಗಳು ಅಳುವಾಗ ಅದೂ ಬೇಕಾ?

ಕಥೆಯೇ ಬೇಕು ಅಂದರೆ ಚಿಕ್ಕದನ್ನು ಹುಡುಕಿ. 2007ರ ಪೋರ್ಟಲ್ ಮೂರು ನಾಲ್ಕು ಗಂಟೆಗೆ ಮುಗಿಯುತ್ತದೆ, ನಿಮ್ಮ ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತದೆ. 2019ರ ಎ ಶಾರ್ಟ್ ಹೈಕ್ ಎರಡು ಗಂಟೆಯೂ ಇಲ್ಲ. ಯಾವ ಗೇಮ್ ಎಷ್ಟು ಹೊತ್ತಿನದು ಅನ್ನೋದನ್ನು ಹೌ ಲಾಂಗ್ ಟು ಬೀಟ್ ಸೈಟಿನಲ್ಲಿ ಆಡಿದವರೇ ಹಾಕಿರುತ್ತಾರೆ. ಅಲ್ಲಿನ ಅಂಕಿಗೆ ಕಾಲು ಭಾಗ ಸೇರಿಸಿಕೊಳ್ಳಿ, ನಾವು ನಿದ್ದೆಗಣ್ಣಲ್ಲಿ ಆಡುವವರು.

ಇನ್ನು ದುಡ್ಡು. ಮನೆಯಲ್ಲಿ ಒಂಬತ್ತು ಗೇಮ್ ಬಿದ್ದಿವೆ ಅಂತೀರಿ, ಮತ್ತೆ ತಿಂಗಳಿಗೆ 500 ಯಾಕೆ? ಮೊದಲು ಆ ಒಂಬತ್ತಕ್ಕೂ ಕುಕ್ಕರ್ ಪರೀಕ್ಷೆ ಮಾಡಿ. ಮೂರಾದರೂ ಪಾಸಾದರೆ ದೀಪಾವಳಿ ತನಕ ಸಾಕು. ಆಮೇಲೆ ಬೇಕಾದ್ದನ್ನು ವಿಶ್‌ಲಿಸ್ಟಿಗೆ ಹಾಕಿ ಮರೆತುಬಿಡಿ, ಬೆಲೆ ಇಳಿದಾಗ ಸ್ಟೀಮ್‌ನವರೇ ಮೇಲ್ ಮಾಡುತ್ತಾರೆ. ವರ್ಷಕ್ಕೆ ನಾಲ್ಕು ದೊಡ್ಡ ಸೇಲ್ ಇರುತ್ತವೆ. ಸೇಲಿನ ನಡುವೆ ಕೆಲವು ಗಂಟೆಗೊಮ್ಮೆ ಬೆಲೆ ಬದಲಾಗುವ ಆಟ 2015ಕ್ಕೇ ಮುಗಿಯಿತು. ಈಗ ಸೇಲಿನ ಮೊದಲ ದಿನ ಇರುವ ಬೆಲೆಯೇ ಸಾಮಾನ್ಯವಾಗಿ ಕೊನೇ ದಿನವೂ ಇರುತ್ತದೆ, ರಾತ್ರಿ ಹನ್ನೆರಡಕ್ಕೆ ಎದ್ದು ಕೂರಬೇಡಿ. ಈ ಹಿಂದೆ ಎಷ್ಟಕ್ಕೆ ಇಳಿದಿತ್ತು ಅಂತ ಹಳೇ ಬೆಲೆಗಳ ದಾಖಲೆ ಇಡುವ ಸ್ಟೀಮ್‌ಡಿಬಿ ಸೈಟಿನಲ್ಲಿ ನೋಡಿ, ಆ ಬೆಲೆ ಬಂದರೆ ಮಾತ್ರ ತಗೊಳ್ಳಿ. ಅದೂ ಒಂದು ಸಲಕ್ಕೆ ಒಂದು. ಫ್ಯಾಕ್ಟೋರಿಯೋ ಅನ್ನೋ ಗೇಮ್ ಸೇಲಿಗೆ ಬರಲಿ ಅಂತ ಕಾಯುತ್ತಿರುವವರು ಎದ್ದು ಮನೆಗೆ ಹೋಗಿ. ಅದನ್ನು ಮಾಡಿದವರು ಡಿಸ್ಕೌಂಟ್ ಕೊಡೋದೇ ಇಲ್ಲ, 2023ರಲ್ಲಿ ಬೆಲೆ ಏರಿಸಿದ್ದಾರೆ ಕೂಡ.

ರೀಫಂಡ್ ವಿಷಯ. ತಗೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳಬಹುದು. ಇದು ಎಲ್ಲರಿಗೂ ಗೊತ್ತು. ಆದರೆ ಆ 2 ಗಂಟೆ ಅಂದರೆ ಗೇಮ್ ತೆರೆದಿದ್ದ ಹೊತ್ತು, ನೀವು ಕೂತು ಆಡಿದ್ದಲ್ಲ. ಪಾಜ್ ಮಾಡಿಟ್ಟರೂ ಓಡುತ್ತಲೇ ಇರುತ್ತದೆ, ಸಿಗ್ನಲ್‌ನಲ್ಲಿ ನಿಂತ ಆಟೋದ ಮೀಟರಿನ ಹಾಗೆ (ಮೀಟರ್ ಹಾಕುವ ಆಟೋ ನಿಮಗೆ ಸಿಕ್ಕಿದ್ದರೆ). ಒಂದು ಭಾನುವಾರ ನಾನು ಹೊಸ ಗೇಮೊಂದನ್ನು ಪಾಜ್ ಮಾಡಿ ಸೊಪ್ಪು ತರೋಕೆ ಹೋದೆ. ದಾರಿಯಲ್ಲಿ ಹಳೇ ಸ್ನೇಹಿತ ಸಿಕ್ಕ, ಒಂದು ಬೈಟೂ ಕಾಫಿ ಆಯಿತು, ಮಾತು ಬೆಳೆಯಿತು. ಬಂದು ನೋಡಿದರೆ 2 ಗಂಟೆ 10 ನಿಮಿಷ ತೋರಿಸುತ್ತಿದೆ. ನಾನು ಆಡಿದ್ದು ಇಪ್ಪತ್ತು ನಿಮಿಷ. ಇಷ್ಟ ಆಗದ ಆ ಗೇಮ್ ಇವತ್ತಿಗೂ ನನ್ನ ಖಾತೆಯಲ್ಲಿದೆ. ತಪ್ಪು ನನ್ನದೇ. ಏಳುವಾಗ ಗೇಮ್ ಮುಚ್ಚಿ. ಜಿಒಜಿ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ತಗೊಂಡರೆ 30 ದಿನ ಸಿಗುತ್ತದೆ, ಆಡಿದ್ದರೂ ಕೇಳಬಹುದು, ಹಾಗಂತ ಅದನ್ನೇ ಚಾಳಿ ಮಾಡಿಕೊಳ್ಳಬೇಡಿ.

ಪ್ರಶ್ನೆ: 3000 ರೂಪಾಯಿ ಗೇಮನ್ನು ಟೆಲಿಗ್ರಾಂನಲ್ಲಿ ಒಬ್ಬರು 150ಕ್ಕೆ ಕೊಡ್ತಿದ್ದಾರೆ. ಪವರ್‌ಶೆಲ್ (ವಿಂಡೋಸ್‌ಗೆ ನೇರವಾಗಿ ಅಪ್ಪಣೆ ಟೈಪ್ ಮಾಡೋ ಕಿಟಕಿ) ತೆರೆದು ಅವರು ಕಳಿಸೋ ಒಂದು ಸಾಲು ಪೇಸ್ಟ್ ಮಾಡ್ಬೇಕಂತೆ. ನಂಬಬಹುದಾ? (ಯಲಹಂಕ)

ಇದನ್ನು ಕೇಳುವವರು ಬಿ.ಇ. ಓದಿರುತ್ತಾರೆ ಅನ್ನೋದೇ ನನಗೆ ಸಂಕಟ. ಗುರುತಿಲ್ಲದ ಯಾರೋ ಒಬ್ಬ ಬಂದು "ನಿಮ್ಮ ಮನೆ ಬೀಗದ ಕೈ ಕೊಡಿ, ಒಳಗೆ ಒಂದು ಸೋಫಾ ಇಟ್ಟು ಬರ್ತೀನಿ" ಅಂದರೆ ಕೊಡುತ್ತೀರಾ? ಅಡ್ಮಿನ್ ಆಗಿ, ಅಂದರೆ ಪೂರ್ತಿ ಅಧಿಕಾರ ಕೊಟ್ಟು, ಪವರ್‌ಶೆಲ್ ತೆರೆದು ಆ ಸಾಲು ಅಂಟಿಸೋದು ಅಂದರೆ ಅದೇ. ಆ ಸಾಲು ಎಲ್ಲಿಂದಲೋ ಇನ್ನೊಂದು ಪ್ರೋಗ್ರಾಂ ಇಳಿಸಿ ನಿಮ್ಮ ಕಂಪ್ಯೂಟರಿನಲ್ಲಿ ಓಡಿಸುತ್ತದೆ. ಅದು ಏನು ಮಾಡುತ್ತದೆ ಅಂತ ನಿಮಗೂ ಗೊತ್ತಿಲ್ಲ, ಮಾರಿದ ಹುಡುಗನಿಗೂ ಎಷ್ಟೋ ಸಲ ಗೊತ್ತಿರಲ್ಲ. ಆಂಟಿವೈರಸ್ ಆಫ್ ಮಾಡಿ ಅಂತಲೂ ಇಂಥವರು ಹೇಳುತ್ತಾರೆ, ಯಾಕೆ ಅಂತ ಯೋಚನೆ ಮಾಡಿ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೆಲ್ಲ ಅದೇ ಕಂಪ್ಯೂಟರಿನಲ್ಲಿವೆ. ನನ್ನ ಚಿಕ್ಕಪ್ಪನ ಮಗ ಹೀಗೇ ಮಾಡಿ, ಮಾರನೇ ಬೆಳಗ್ಗೆ ಅವನ ಇನ್‌ಸ್ಟಾಗ್ರಾಂನಿಂದ ಸ್ನೇಹಿತರಿಗೆಲ್ಲ ಹೂಡಿಕೆ ಸಲಹೆ ಹೋಯಿತು. ಅವನ ಹತ್ತಿರ ಹೂಡೋಕೆ 150 ರೂಪಾಯಿ ಕೂಡ ಉಳಿದಿರಲಿಲ್ಲ.

"ಆಫ್‌ಲೈನ್ ಅಕೌಂಟ್" ಅಂತ ಮಾರೋದೂ ಇದೇ ಜಾತಿ. ಒಂದೇ ಖಾತೆಯ ಪಾಸ್‌ವರ್ಡನ್ನು ಹತ್ತಾರು ಜನಕ್ಕೆ ಕೊಟ್ಟಿರುತ್ತಾರೆ. ಖಾತೆ ಮಾರೋದಕ್ಕೆ ಸ್ಟೀಮ್ ನಿಯಮದಲ್ಲಿ ಜಾಗ ಇಲ್ಲ, ಅದನ್ನು ಮುಚ್ಚಿದ ದಿನ ನಿಮ್ಮ ಸೇವ್ ಸಮೇತ ಮಣ್ಣುಪಾಲು. ದುಡ್ಡು ಉಳಿಸಲೇಬೇಕಾ? ಎಪಿಕ್ ಅಂಗಡಿಯವರು ಪ್ರತಿ ಗುರುವಾರ ರಾತ್ರಿ ಒಂದಾದರೂ ಗೇಮನ್ನು ಪುಕ್ಕಟೆ ಕೊಡುತ್ತಾರೆ, ನಮ್ಮ ಗಡಿಯಾರದಲ್ಲಿ ಎಂಟೂವರೆಗೆ, ಚಳಿಗಾಲದಲ್ಲಿ ಒಂಬತ್ತೂವರೆಗೆ. ರೈಲು, ಬಸ್ಸು ಓಡಿಸೋ ಓಪನ್‌ಟಿಟಿಡಿ, ಸರದಿ ಪ್ರಕಾರ ಕಾಳಗ ಮಾಡೋ ಬ್ಯಾಟಲ್ ಫಾರ್ ವೆಸ್ನಾತ್, ಚೆಸ್‌ಗೆ ಲೀಚೆಸ್, ಎಲ್ಲವೂ ಪೂರ್ತಿ ಉಚಿತ, ಕಳ್ಳತನವೂ ಅಲ್ಲ. ಲೀಚೆಸ್‌ನಲ್ಲಿ ಜಾಹೀರಾತೂ ಇಲ್ಲ.

ಪ್ರಶ್ನೆ: ಗೇಮ್ ಬೂಸ್ಟರ್, ರ್‍ಯಾಮ್ ಕ್ಲೀನರ್ ಹಾಕಿದರೆ ಹಳೇ ಲ್ಯಾಪ್‌ಟಾಪ್ ಫಾಸ್ಟ್ ಆಗುತ್ತಾ?

ಇಲ್ಲ. ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಒಂದು ಶನಿವಾರ ಎಸ್‌ಪಿ ರೋಡಿಗೆ ಹೋಗಿ ಅದರ ಬದಲು ವೇಗವಾಗಿ ಓಡುವ ಎಸ್‌ಎಸ್‌ಡಿ ಹಾಕಿಸಿ, ಬಿಲ್ ಕೇಳಿ ಪಡೆಯಿರಿ. ಅರ್ಧ ಗಂಟೆ ಆಡುವವನಿಗೆ ಆನ್ ಆಗೋಕೇ ಐದು ನಿಮಿಷ ಹೋಗಬಾರದು.

ಪ್ರಶ್ನೆ: ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಹಾಕಬಹುದಾ?

ಬೇಡ. ಯಾಕೆ ಅಂತ ಎಚ್‌ಆರ್‌ನವರು ವಿವರವಾಗಿ ಹೇಳುತ್ತಾರೆ.

ಪ್ರಶ್ನೆ: ತಮ್ಮನೂ ನಾನೂ ಒಂದೇ ಗೇಮನ್ನು ಎರಡು ಸಲ ತಗೋಬೇಕಾ?

ಒಂದೇ ಮನೆಯಲ್ಲಿದ್ದರೆ ಬೇಡ. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಆರು ಜನ ಸೇರಬಹುದು, ಒಬ್ಬರ ಗೇಮ್ ಇನ್ನೊಬ್ಬರು ಆಡಬಹುದು, ಆದರೆ ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ. ತಮ್ಮ ನಿಮ್ಮ ಪ್ರತಿಯಲ್ಲಿ ಚೀಟ್ ಮಾಡಿ ಸಿಕ್ಕಿಬಿದ್ದರೆ ಆ ಗೇಮಿನಿಂದ ನಿಮಗೂ ನಿಷೇಧ, ಆದ್ದರಿಂದ ತಮ್ಮ ಎಂಥವನು ಅಂತ ನೋಡಿಕೊಂಡು ಸೇರಿಸಿ. ಪಿಜಿ ರೂಮ್‌ಮೇಟ್ ತಮ್ಮ ಅಲ್ಲ.

ಪ್ರಶ್ನೆ: ರಮ್ಮಿ ಆಡಿ ಗೇಮಿನ ಖರ್ಚು ಹುಟ್ಟಿಸೋಣ ಅಂತಿದ್ದೀನಿ.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಪಾಸಾಗಿದೆ. ಪೇಪರ್ ಓದಿ.

ಪ್ರಶ್ನೆ: ನಲವತ್ತೆರಡು ವರ್ಷ ಆಯ್ತು, ಈ ವಯಸ್ಸಲ್ಲಿ ಗೇಮ್ ಆಡೋದು ಸರೀನಾ? ಮನೇಲಿ ನಗ್ತಾರೆ.

ಐಪಿಎಲ್ ಹೊತ್ತಲ್ಲಿ ದಿನಾ ನಾಲ್ಕು ಗಂಟೆ ಟಿವಿ ಮುಂದೆ ಕೂರುವ ನಿಮ್ಮ ಭಾವನನ್ನು ಯಾರಾದರೂ ಕೇಳಿದ್ದಾರಾ?

ಪ್ರಶ್ನೆ: ನನಗೆ ಗೇಮ್ ಅಂದರೆ ಅಷ್ಟಕ್ಕಷ್ಟೆ. ಯಜಮಾನರ ಜೊತೆ ಕೂತು ಒಂದು ಸಂಜೆಯಲ್ಲಿ ಮುಗಿಸುವಂಥದ್ದು ಏನಾದರೂ ಇದೆಯಾ? (ಬಸವನಗುಡಿ)

ಈ ಸಲ ಬಂದಿದ್ದರಲ್ಲಿ ನನಗೆ ಇಷ್ಟವಾದ ಪ್ರಶ್ನೆ ಇದೊಂದೇ ಮೇಡಂ. ವೆನ್ಬಾ ಅಂತ ಒಂದು ಗೇಮ್ ಇದೆ, 2023ರದ್ದು. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕಥೆ. ತಾಯಿ ಕೊಟ್ಟ ಅಡುಗೆ ಪುಸ್ತಕದಲ್ಲಿ ಅಲ್ಲಲ್ಲಿ ಅಕ್ಷರ ಅಳಿಸಿಹೋಗಿದೆ, ಹರಿದುಹೋಗಿದೆ. ಉಳಿದಿದ್ದನ್ನು ನೋಡಿ ಹೇಗೆ ಮಾಡಬೇಕು ಅಂತ ನಾವೇ ಊಹಿಸಬೇಕು. ಎರಡು ಗಂಟೆಯೊಳಗೆ ಮುಗಿಯುತ್ತದೆ. ಮೊದಲ ಅಡುಗೆಯೇ ಇಡ್ಲಿ. ನಾನು ತಟ್ಟೆಗಳನ್ನು ಒಂದರ ಮೇಲೊಂದು ತಪ್ಪಾಗಿ ಜೋಡಿಸುತ್ತಿದ್ದೆ. ಹಿಂದೆ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ಬಂದು ಮೌಸ್ ಕಿತ್ತುಕೊಂಡಳು. "ಇಷ್ಟು ವರ್ಷ ತಿಂದಿದ್ದೀರಿ, ತಟ್ಟೆ ಜೋಡಿಸೋದು ಒಂದು ದಿನವೂ ನೋಡಿಲ್ವಾ?" ಅಂದಳು. ಆಮೇಲೆ ಗೇಮ್ ಮುಗಿಯುವ ತನಕ ಮೌಸ್ ನನಗೆ ವಾಪಸ್ ಸಿಗಲಿಲ್ಲ. ಮಡಚದೆ ಉಳಿದ ಬಟ್ಟೆ ನನ್ನ ಪಾಲಿಗೆ ಬಂತು.