ಇಂಟರ್ ಡಿಫೆನ್ಸ್ ಪಿಎಸ್‌ಜಿ ವೇಗವನ್ನು ತಡೆಯುತ್ತಾ?

2025ರ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್ ಫುಟ್‌ಬಾಲ್ ಕಪ್) ಸೆಮಿಫೈನಲ್‌ನ ಎರಡು ಪಂದ್ಯ ಸೇರಿ ಬಾರ್ಸಿಲೋನಾವನ್ನು 7-6ರಲ್ಲಿ ಮನೆಗೆ ಕಳಿಸಿದ ಇಟಲಿಯ ಇಂಟರ್ ಮಿಲಾನ್, ಮ್ಯೂನಿಕ್‌ನ ಫೈನಲ್‌ನಲ್ಲಿ ಫ್ರಾನ್ಸ್‌ನ ಪಿಎಸ್‌ಜಿಯನ್ನೂ (ಪ್ಯಾರಿಸ್ ಸೇಂಟ್ ಜರ್ಮೇನ್) ತಡೆಯಬಹುದಲ್ವಾ ಅಂತ ಕೇಳಿದ್ದೀರಿ. ನನಗೆ ಅನುಮಾನ. ಆ 7-6ರಲ್ಲಿ 6 ಅನ್ನೋದನ್ನೂ ನೋಡಿ. ಗೆದ್ದರು ನಿಜ, ಆದರೆ ಎರಡು ಪಂದ್ಯದಲ್ಲಿ ಆರು ಗೋಲು ಬಿಟ್ಟುಕೊಟ್ಟರು.

ನಾನು ನೋಡೋದು ಇಂಟರ್‌ನ ಎಡಗಡೆಯನ್ನು. ಅಲ್ಲಿ ಆಡೋ ಡಿಮಾರ್ಕೊ ಮುಂದೆ ಹೋಗಿ ಕ್ರಾಸ್ ಹಾಕೋದರಲ್ಲಿ ಎತ್ತಿದ ಕೈ, ಹಿಂದೆ ಓಡಿ ಬರೋದರಲ್ಲಿ ಅಷ್ಟಕ್ಕಷ್ಟೇ. ಅದೇ ಕಡೆಯಿಂದ ಪಿಎಸ್‌ಜಿಯ ಬಲಗಡೆ ಡಿಫೆಂಡರ್ ಹಕಿಮಿ ನುಗ್ಗುತ್ತಾನೆ. 2021ರಲ್ಲಿ ಇಂಟರ್ ಇಟಲಿಯ ಲೀಗ್ ಗೆದ್ದಾಗ ಇವನೂ ಅದೇ ತಂಡದಲ್ಲಿದ್ದ! ಜೊತೆಗೆ ಪಿಎಸ್‌ಜಿಯ ಫಾರ್ವರ್ಡ್ ಡೆಂಬೆಲೆ ಮಧ್ಯದಿಂದ ಹಿಂದಕ್ಕೆ ಸರಿದರೆ, ಇಂಟರ್‌ನ 37 ವರ್ಷದ ಡಿಫೆಂಡರ್ ಅಚೆರ್ಬಿ ಅವನ ಬೆನ್ನತ್ತಿ ಬರಬೇಕಾ, ಜಾಗದಲ್ಲೇ ನಿಲ್ಲಬೇಕಾ? ಎರಡೂ ಕಷ್ಟ.

ಇಂಟರ್‌ಗೆ ಇರೋ ದಾರಿ ಕಾರ್ನರ್. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ, ಬಾರ್ಸಿಲೋನಾದಲ್ಲಿ, ಇಂಟರ್‌ನ ಡಂಫ್ರೀಸ್ ಹೊಡೆದ ಎರಡೂ ಗೋಲು ಕಾರ್ನರ್‌ನಿಂದಲೇ ಬಂದವು. ಅನುಭವವೂ ಅವರದ್ದೇ ಜಾಸ್ತಿ, 2023ರ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಗೆ 1-0ರಲ್ಲಿ ಸೋತ ನೋವು ಇನ್ನೂ ಹಸಿಯಾಗಿದೆ. ಪಿಎಸ್‌ಜಿಯದ್ದು ಎಳೆ ತಂಡ, ಈ ಫೈನಲ್‌ಗೆ ಮೊದಲು ಈ ಕಪ್ ಮುಟ್ಟಿರಲಿಲ್ಲ.

ಆದರೂ ನನ್ನ ಲೆಕ್ಕ ಪಿಎಸ್‌ಜಿ 3-1. ಇಂಟರ್ ಮೊದಲ ಗೋಲು ಹೊಡೆದರೆ ಮಾತ್ರ ಸುಮ್ನೆ ಈ ಲೆಕ್ಕ ಮರೆತುಬಿಡಿ. 2025ರ ಮೇ 31ರ ಶನಿವಾರ ರಾತ್ರಿ 12:30ಕ್ಕೆ (ಭಾರತದ ಸಮಯ) ಶುರು, ಸಂಜೆಯೇ ಸ್ವಲ್ಪ ಮಲಗಿ ಏಳಿ.