ಅಜ್ಜನ ಟ್ರಂಕಿನ ಗಂಡಭೇರುಂಡ: ಮೊದಲು ಬಿಲ್ಲೆಯ ಬೆನ್ನು ನೋಡಿ

ನೀವು ಕೇಳಿದ್ದು ಇಷ್ಟು: ಅಜ್ಜನ ಟ್ರಂಕಿನಲ್ಲಿ ಗಂಡಭೇರುಂಡ ಇರುವ ಹಿತ್ತಾಳೆ ಬಿಲ್ಲೆ ಸಿಕ್ಕಿದೆ. ಅದು ಮೈಸೂರು ಸೈನ್ಯದ ಟೋಪಿ ಬ್ಯಾಡ್ಜೇ? ತೊಳೆದು ಹೊಳಪು ಮಾಡಬಹುದೇ? ಇಂಥವನ್ನು ಕೂಡಿಡುವ ಹವ್ಯಾಸ ಶುರು ಮಾಡುವುದು ಹೇಗೆ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ದಯವಿಟ್ಟು ತೊಳೆಯಬೇಡಿ. ಉಳಿದದ್ದು ನಿಧಾನಕ್ಕೆ ಹೇಳುತ್ತೇನೆ.

ನಾನು ಶಿವಮೊಗ್ಗದವನು. ಹದಿನೈದು ವರ್ಷದಿಂದ ಹಳೆಯ ಮಿಲಿಟರಿ ಬ್ಯಾಡ್ಜುಗಳ ಹಿಂದೆ ಬಿದ್ದಿದ್ದೇನೆ. ಮೊದಲನೆಯದು ಸಿಕ್ಕಿದ್ದು ಗಾಂಧಿ ಬಜಾರಿನ ಕಡೆ, ಹಳೆ ಹಿತ್ತಾಳೆಯನ್ನು ತೂಕಕ್ಕೆ ಕೊಳ್ಳುವ ಪಾತ್ರೆ ಅಂಗಡಿಯಲ್ಲಿ. ಒಡೆದ ತಂಬಿಗೆ, ಕಿವಿ ಮುರಿದ ಪಾತ್ರೆಗಳ ನಡುವೆ ಒಂದು ಸಣ್ಣ ಹುಲಿ ನಿಂತಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ‘ಹಿಂದೂಸ್ತಾನ್’ ಅಂತ ಬರೆದಿತ್ತು. ಅಂಗಡಿಯವರು ಅದನ್ನೂ ತಕ್ಕಡಿಗೆ ಹಾಕಿಯೇ ಕೊಟ್ಟರು. ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು, ಅದು ಇಂಗ್ಲೆಂಡಿನ ಲೀಸ್ಟರ್‌ಶೈರ್ ರೆಜಿಮೆಂಟಿನ ಬ್ಯಾಡ್ಜು. ಆ ಪಡೆ 1804ರಿಂದ 1823ರವರೆಗೆ ಭಾರತದಲ್ಲಿ ಇತ್ತು. ಅದರ ನೆನಪಿಗೆ 1825ರಲ್ಲಿ ಹುಲಿಯ ಗುರುತು ಸಿಕ್ಕಿತು. ನಮ್ಮ ಹುಲಿ ಅವರ ಟೋಪಿ ಏರಿದ ಕಥೆ ಅದು.

ಆ ಹುಲಿಯನ್ನು ಕಿಟಕಿ ಹತ್ತಿರ ಇಟ್ಟಿದ್ದೆ. ದೀಪಾವಳಿ ಹಿಂದಿನ ದಿನ ಅಮ್ಮ ದೇವರ ಸಾಮಾನಿನ ಜೊತೆಗೆ ಅದನ್ನೂ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಉಜ್ಜಿಬಿಟ್ಟರು. ‘ಎಷ್ಟು ಕೊಳೆ ಇತ್ತು ಕಣೋ, ಈಗ ನೋಡು’ ಅಂತ ಸಂತೋಷದಿಂದ ತೋರಿಸಿದರು. ಹುಲಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಮೈ ತುಂಬ ಗೀರು. ಸಂದಿಯಲ್ಲಿದ್ದ ಕಪ್ಪು ಹೋಗಿ ಪಟ್ಟೆಗಳು ಮಂಕಾಗಿದ್ದವು. ಅಮ್ಮನಿಗೆ ಏನೂ ಹೇಳಲಿಲ್ಲ. ಹೇಳುವುದಾದರೂ ಏನನ್ನ?

ಆ ಕಪ್ಪು ಕೊಳೆಯಲ್ಲ. ಹಿತ್ತಾಳೆ ವರ್ಷಗಟ್ಟಲೆ ಗಾಳಿ ಕುಡಿದು ಕಟ್ಟಿಕೊಂಡ ಪದರ ಅದು. ವಯಸ್ಸಿಗೆ ಸಾಕ್ಷಿ. ಅದನ್ನು ತೆಗೆದ ಮೇಲೆ ಅಸಲಿಗೂ ನಿನ್ನೆ ಮಾಡಿದ ನಕಲಿಗೂ ವ್ಯತ್ಯಾಸ ಹೇಳುವುದು ಕಷ್ಟ. ಅಂಟಿದ ಮಣ್ಣು ಇದ್ದರೆ ನೀರಿಗೆ ಒಂದು ಹನಿ ಸೋಪು ಹಾಕಿ, ಮೆತ್ತನೆ ಬ್ರಷ್ಷಿನಲ್ಲಿ ಸವರಿ, ಕೂಡಲೇ ಪೂರ್ತಿ ಒಣಗಿಸಿ. ಅಷ್ಟೇ.

ಈಗ ನಿಮ್ಮ ಗಂಡಭೇರುಂಡ. ನಮ್ಮ ಜಿಲ್ಲೆಯವರಿಗೆ ಈ ಹಕ್ಕಿ ಹೊಸತಲ್ಲ. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಕಂಬ ಇದೆ, ಕೆಳದಿ ದೇವಸ್ಥಾನದ ಮಾಡಿನಲ್ಲೂ ಇದೆ. ಮೈಸೂರು ಅರಸರ ಲಾಂಛನ ಆದ ಮೇಲಂತೂ ಎಲ್ಲ ಕಡೆ ಕೂತಿತು. ತೊಂದರೆ ಇರುವುದೇ ಅಲ್ಲಿ. ಗಂಡಭೇರುಂಡ ಕಂಡ ಕೂಡಲೇ ಸೈನ್ಯ ಅಂದುಕೊಳ್ಳಬೇಡಿ. ಪೊಲೀಸರ ಬೆಲ್ಟು, ಅರಮನೆ ಸೇವಕರ ಗುಂಡಿ, ಕಚೇರಿ ಜವಾನರು ಎದೆಗೆ ಅಡ್ಡ ಹಾಕುವ ಪಟ್ಟಿಯ, ಅಂದರೆ ಡವಾಲಿಯ ಬಿಲ್ಲೆ, ಎಲ್ಲದರ ಮೇಲೂ ಅದೇ ಹಕ್ಕಿ. ನಾನೇ ಎರಡು ಸಲ ಡವಾಲಿ ಬಿಲ್ಲೆಯನ್ನು ಟೋಪಿ ಬ್ಯಾಡ್ಜು ಅಂತ ಹೆಚ್ಚು ದುಡ್ಡು ಕೊಟ್ಟು ತಂದಿದ್ದೇನೆ. ಅಂಗೈ ಅಗಲ ಇದ್ದು, ಇಲಾಖೆಯ ಹೆಸರು ಕೆತ್ತಿದ್ದು, ಚರ್ಮದ ಪಟ್ಟಿಗೆ ಬಡಿದ ಗುರುತು ಇದ್ದರೆ ಅದು ಬಹುಪಾಲು ಡವಾಲಿಯೇ. ಹಕ್ಕಿಯ ನೆತ್ತಿಯ ಮೇಲೆ ಅಶೋಕ ಸ್ತಂಭದ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’ ಇದ್ದರೆ ಅರಸರ ಕಾಲದ್ದಂತೂ ಅಲ್ಲ. ಮೈಸೂರು ಅರಸರ ಲಾಂಛನದ ಕೆಳಗಿನ ಮಾತು ‘ನ ಬಿಭೇತಿ ಕದಾಚನ’.

ಇಷ್ಟು ನೋಡಿ ಆದ ಮೇಲೆ ಬಿಲ್ಲೆಯನ್ನು ತಿರುಗಿಸಿ. ಈ ಹವ್ಯಾಸದಲ್ಲಿ ನನಗೆ ಗೊತ್ತಾಗಿದ್ದು ಅಂದರೆ ಇದೊಂದೇ: ಮುಖ ಯಾರು ಬೇಕಾದರೂ ಮಾಡುತ್ತಾರೆ, ಬೆನ್ನು ಮಾಡುವುದಕ್ಕೆ ಯಾರಿಗೂ ತಾಳ್ಮೆ ಇಲ್ಲ. ಅಚ್ಚಿನಲ್ಲಿ ಒತ್ತಿ ಮಾಡಿದ ಬ್ಯಾಡ್ಜಿನಲ್ಲಿ ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿ ಕಾಣುತ್ತದೆ. ಅಂಚು ಚೂಪಾಗಿರುತ್ತದೆ. ಅಸಲಿಯನ್ನು ಅಚ್ಚು ತೆಗೆದು ಎರಕ ಹೊಯ್ದ ನಕಲಿಯ ಬೆನ್ನು ಒರಟು. ಸೂಜಿಮೊನೆಯಷ್ಟು ತೂತುಗಳು ಇರುತ್ತವೆ. ಲೋಹ ತಣ್ಣಗಾಗುವಾಗ ಕುಗ್ಗುವುದರಿಂದ ಅಳತೆಯೂ ಕೂದಲೆಳೆಯಷ್ಟು ಚಿಕ್ಕದು. ಆದರೆ ಇದನ್ನೇ ಕಣ್ಣುಮುಚ್ಚಿ ನಂಬಬೇಡಿ. ಯುದ್ಧದ ಕಾಲದಲ್ಲಿ ಇಲ್ಲಿನ ಬಜಾರುಗಳಲ್ಲೇ ಎರಕ ಹೊಯ್ದು ಮಾಡಿಸಿಕೊಂಡ ಅಸಲಿ ಬ್ಯಾಡ್ಜುಗಳೂ ಇವೆ. ನನ್ನ ಹತ್ತಿರ ಇರುವ ಅಂಥ ಒಂದರ ಮುಖ ಮೊಂಡು, ಆದರೆ ಹಿಂದೆ ಟೋಪಿಗೆ ಸಿಗಿಸುವ ಕಡ್ಡಿ ಸವೆದು ಬಾಗಿದೆ. ಅದನ್ನು ಯಾರೋ ದಿನಾ ಹಾಕಿ ತೆಗೆದಿದ್ದಾರೆ.

ಬೆನ್ನಿನಲ್ಲಿ ಇನ್ನೊಂದು ನೋಡಬೇಕಾದ್ದು, ಟೋಪಿಗೆ ಸಿಗಿಸುವ ಭಾಗ. ಎರಡು ಕಿವಿ ಇದ್ದು ಅದರೊಳಗೆ ಪಿನ್ನು ತೂರಿಸುವುದು ಒಂದು ಬಗೆ. ಉದ್ದನೆ ನಾಲಿಗೆಯಂಥ ಪಟ್ಟಿಯನ್ನು ಟೋಪಿಯ ಸೀಳಿಗೆ ಇಳಿಸುವುದು ಇನ್ನೊಂದು. ಅದಕ್ಕೆ ಸ್ಲೈಡರ್ ಅನ್ನುತ್ತಾರೆ. ಹಳೆಯ ಅಚ್ಚಿನಲ್ಲೇ ಈಗ ಹೊಸದಾಗಿ ಒತ್ತಿದ ಬ್ಯಾಡ್ಜುಗಳೂ ಮಾರಾಟಕ್ಕೆ ಬರುತ್ತವೆ. ಅವುಗಳ ಮುಖದಲ್ಲಿ ತಪ್ಪೇ ಸಿಗುವುದಿಲ್ಲ. ಮುಖ ಸವೆದಿದ್ದು ಸ್ಲೈಡರ್ ಮಾತ್ರ ಹೊಸದಾಗಿ ಮಿರಿಮಿರಿ ಅಂದರೆ ಅಂಗಡಿಯಿಂದ ಎದ್ದು ಬನ್ನಿ.

ಬ್ಯಾಡ್ಜಿನ ಮೇಲೆ ಬ್ರಿಟಿಷ್ ಕಿರೀಟ ಇದ್ದರೆ ಕಾಲ ಹೇಳುವುದು ಸುಲಭ. ವಿಕ್ಟೋರಿಯಾ ತೀರಿಕೊಂಡ 1901ರ ನಂತರ, 1952ರವರೆಗೆ ರಾಜರ ಕಾಲ. ಆ ಕಿರೀಟದ ಕಮಾನು ದುಂಡಗೆ ಮೇಲೇರುತ್ತದೆ. ಎಲಿಜಬೆತ್ ರಾಣಿಯ ಕಿರೀಟ ನಡುವೆ ತಗ್ಗಿರುತ್ತದೆ. 1950ರಲ್ಲಿ ದೇಶ ಗಣರಾಜ್ಯ ಆದಾಗಲೇ ನಮ್ಮ ಸೈನ್ಯ ಕಿರೀಟ ಬಿಟ್ಟು ಅಶೋಕ ಸಿಂಹ ತಂದುಕೊಂಡಿತು. ಹಾಗಾಗಿ ಭಾರತದ ರೆಜಿಮೆಂಟಿನ ಹೆಸರಿನ ಮೇಲೆ ಎಲಿಜಬೆತ್ ರಾಣಿಯ ಕಿರೀಟ ಕೂತಿದ್ದರೆ ಅದು ಯಾರದೋ ಕಿತಾಪತಿ.

ಮೈಸೂರು ಲ್ಯಾನ್ಸರ್ಸ್ ಹೆಸರಿನಲ್ಲಿ ಏನೇ ಬಂದರೂ ನಾನು ಜಾಸ್ತಿ ಅನುಮಾನ ಪಡುತ್ತೇನೆ. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಜೋಧಪುರದವರ ಜೊತೆ ಸೇರಿ ಕುದುರೆ ಏರಿ ನುಗ್ಗಿದ ಮೈಸೂರು ಸಂಸ್ಥಾನದ ಪಡೆ ಅದು. ದೆಹಲಿಯ ತೀನ್ ಮೂರ್ತಿಯಲ್ಲಿ ಇರುವ ಮೂರು ಪ್ರತಿಮೆಗಳಲ್ಲಿ ಮೈಸೂರಿನದೂ ಒಂದು. ಅಂಥ ಹೆಸರು ಹೇಳಿದರೆ ಬೆಲೆ ಏರುತ್ತದೆ, ಅಲ್ವಾ? ಸಂಸ್ಥಾನ ಹೋದ ಮೇಲೆ ಈ ಕುದುರೆ ಪಡೆ ಭಾರತದ ಸೈನ್ಯಕ್ಕೆ ಸೇರಿ, ಮುಂದೆ 1953ರಲ್ಲಿ ಕಟ್ಟಿದ 61ನೇ ಕ್ಯಾವಲ್ರಿಗೆ ಬಂತು. ಮೈಸೂರು ಪದಾತಿ ದಳ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ನಿಮ್ಮ ಅಜ್ಜ ಪದಾತಿಯಲ್ಲಿದ್ದು ಎರಡೂ ಕಾಲ ಕಂಡವರಾದರೆ ಟ್ರಂಕಿನ ತಳದಲ್ಲಿ ಮದ್ರಾಸ್ ರೆಜಿಮೆಂಟಿನ ಆನೆಯೂ ಇರಬಹುದು. ಇನ್ನೊಮ್ಮೆ ಕೈ ಹಾಕಿ ನೋಡಿ.

ಕಾಲರ್ ಬ್ಯಾಡ್ಜು ಕೊಳ್ಳುವಾಗ ಒಂದು ಮಾತು. ಅವು ಜೋಡಿ. ಪ್ರಾಣಿಯ ಚಿತ್ರ ಇದ್ದರೆ ಎರಡೂ ಸಾಮಾನ್ಯವಾಗಿ ಒಂದಕ್ಕೊಂದು ಮುಖ ಮಾಡಿರುತ್ತವೆ. ನನ್ನ ಹುಲಿಗೆ ಜೊತೆಯಾಗಲಿ ಅಂತ ಆನ್‌ಲೈನಿನಲ್ಲಿ ಕಾಲರ್ ಹುಲಿಗಳ ‘ಜೋಡಿ’ ತರಿಸಿದೆ. 1,800 ರೂಪಾಯಿ. ಎರಡೂ ಎಡಕ್ಕೇ ನೋಡುತ್ತಿದ್ದವು. ಈಗಲೂ ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತಿರುವ ಹಾಗೆ ಡಬ್ಬಿಯಲ್ಲಿವೆ.

ಪ್ಲಾಸ್ಟಿಕ್ ಬ್ಯಾಡ್ಜು ಸಿಕ್ಕಿದರೆ ಆಟಿಕೆ ಅಂತ ಎಸೆಯಬೇಡಿ. ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು ಬ್ರಿಟನ್ನಿನವರು ಪ್ಲಾಸ್ಟಿಕ್ಕಿನಲ್ಲೂ ಟೋಪಿ ಬ್ಯಾಡ್ಜು ಮಾಡಿದ್ದರು.

ಇಡುವುದು ಹೇಗೆ ಅನ್ನುವುದು ಮಲೆನಾಡಿನವರ ದೊಡ್ಡ ತಲೆನೋವು. ಆಷಾಢದಲ್ಲಿ ಉಟ್ಟ ಬಟ್ಟೆಗೇ ಬೂಸ್ಟು ಹಿಡಿಯುವ ಊರು ನಮ್ಮದು. ಮೊದಲು ಗಾಜಿನ ಚೌಕಟ್ಟಿನಲ್ಲಿ ಗೋಡೆಗೆ ಹಾಕಿದ್ದೆ. ಒಂದೇ ಮಳೆಗಾಲಕ್ಕೆ ಗೋಡೆಯ ತೇವ ಒಳಗೆ ಹೋಗಿ ಕಿಲುಬು ಬಂತು. ಆಮೇಲೆ ನಾಣ್ಯ ಇಡುವ ಅಗ್ಗದ ಪಿವಿಸಿ ಆಲ್ಬಮ್ಮಿಗೆ ಹಾಕಿದೆ, ಅದು ಇನ್ನೂ ಕೆಟ್ಟದ್ದು. ಪಿವಿಸಿ ಹಳತಾದ ಹಾಗೆ ಆಮ್ಲ ಬಿಡುತ್ತದೆ, ಬ್ಯಾಡ್ಜಿನ ಮೇಲೆ ಹಸಿರು ಜಿಗುಟು ಕೂರುತ್ತದೆ. ಈಗ ಒಂದೊಂದನ್ನೂ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.

ಕಾನೂನಿನದು ಎರಡೇ ಮಾತು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ, ಹೊರದೇಶದ ಗಿರಾಕಿಗೆ ಪಾರ್ಸೆಲ್ ಮಾಡುವಂತಿಲ್ಲ. ಸೈನಿಕ ಅಂತ ನಂಬಿಸಲು ಬ್ಯಾಡ್ಜು ಹಾಕಿಕೊಂಡು ಓಡಾಡುವುದೂ ಅಪರಾಧ.

ಇನ್ನು ಹುಡುಕುವುದು. ಗುಜರಿ ಅಂಗಡಿ, ಪಾತ್ರೆ ಅಂಗಡಿಯವರ ಸ್ನೇಹ ಮಾಡಿಕೊಳ್ಳಿ, ಕರಗಿಸಲು ಕಳಿಸುವ ಮುಂಚೆ ಗುಂಡಿ, ಬಿಲ್ಲೆ ತೆಗೆದಿಡಲು ಹೇಳಿ. ನಿವೃತ್ತ ಸೈನಿಕರ ಮನೆಗೆ ಮಾತ್ರ ವ್ಯಾಪಾರಕ್ಕೆ ಹೋಗಬೇಡಿ. ತೀರ್ಥಹಳ್ಳಿ ಕಡೆ ಒಬ್ಬ ಅಜ್ಜಿಯ ಹತ್ತಿರ ಗಂಡನ ಟೋಪಿ ಬ್ಯಾಡ್ಜು ಇತ್ತು. ಬೇಕಾದರೆ ತಗೊಂಡು ಹೋಗು ಮಾರಾಯ ಅಂದರು, ಆದರೆ ಮುಷ್ಟಿ ಬಿಡಲಿಲ್ಲ. ಚಿಕ್ಕವರಿದ್ದಾಗ ನಾಣ್ಯಕ್ಕೆ ಮಾಡುತ್ತಿದ್ದ ಹಾಗೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಕೊಂಡು ಬಂದೆ. ನನ್ನ ಸಂಗ್ರಹದಲ್ಲಿ ಆ ಕಾಗದಕ್ಕೂ ಒಂದು ನಂಬರ್ ಇದೆ.

ನಿಮ್ಮ ಬಿಲ್ಲೆಗೆ ಬಂದರೆ, ಮೊದಲನೇ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು ಇರುತ್ತದೆ, ಬ್ಯಾಡ್ಜಿಗೆ ಆ ಭಾಗ್ಯ ಇಲ್ಲ. ಅಜ್ಜನ ಹೆಸರು, ನಂಬರ್, ಪಡೆ ಎಲ್ಲ ಪೆನ್ಶನ್ ಕಾಗದದಲ್ಲಿ ಇದ್ದೀತು. ಅದನ್ನು ಒಂದು ಚೀಟಿಯಲ್ಲಿ ಬರೆದು ಬಿಲ್ಲೆಯ ಜೊತೆಗೇ ಇಡಿ. ಆಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ಟು, ಹಗಲು ಬೆಳಕಿನಲ್ಲಿ, ಬೆನ್ನಿನ ಫೋಟೋ ತೆಗೆದು ಇಲ್ಲಿ ಹಾಕಿ. ಮುಖದ್ದು ಆಮೇಲೆ ನೋಡಿದರಾಯಿತು.