‘ಸಿಂಹಾಸನದ ಹರಾಜು’ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲಾರೆವು. ಆದರೆ ಎತ್ತಿಕೊಂಡ ವಸ್ತು ಗಟ್ಟಿಯಾದದ್ದು, ಒಂದು ಸಾಲಿನ ವಿಷಾದ ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಕ್ರಿ.ಶ. 193ರ ಮಾರ್ಚ್ 28ರಂದು ರೋಮಿನ ಪ್ರಿಟೋರಿಯನ್ ಕಾವಲುಪಡೆಯವರು ತಾವು ಕಾಯಬೇಕಿದ್ದ ಸಾಮ್ರಾಟ ಪರ್ಟಿನಾಕ್ಸನನ್ನು ಅರಮನೆಯಲ್ಲೇ ಕೊಂದರು. ನಿಮ್ಮ ಕಥೆಯಲ್ಲಿ ಅವರು ಗಹಗಹಿಸುತ್ತ, ಕುಡಿಯುತ್ತ ಶಿಬಿರಕ್ಕೆ ಮರಳುತ್ತಾರೆ. ಆ ಕಾಲದ ಇತಿಹಾಸಕಾರ ಹೆರೋಡಿಯನ್ ಬರೆದಿಟ್ಟದ್ದು ಬೇರೆ. ಓಡಿ ಹೋಗಿ ಶಿಬಿರ ಸೇರಿದರು, ಬಾಗಿಲು ಹಾಕಿಕೊಂಡರು, ಗೋಪುರಗಳ ಮೇಲೆ ಆಳು ನಿಲ್ಲಿಸಿದರು. ಊರ ಜನ ಮೈಮೇಲೆ ಬಿದ್ದಾರೆಂಬ ಹೆದರಿಕೆ. ಯಾರೂ ಬರಲಿಲ್ಲ. ಕೇಳುವವರೇ ಇಲ್ಲವೆಂದು ಖಾತ್ರಿಯಾದ ಮೇಲೆ ದೊಡ್ಡ ಗಂಟಲಿನವರನ್ನು ಗೋಡೆ ಹತ್ತಿಸಿ, ಸಾಮ್ರಾಜ್ಯ ಮಾರಾಟಕ್ಕಿದೆ ಎಂದು ಕೂಗಿಸಿದರು. ಬಾಗಿಲು ಹಾಕಿದ್ದಕ್ಕೂ ಆ ಮೊದಲ ಕೂಗಿಗೂ ನಡುವೆ ಒಳಗೆ ಏನು ಮಾತಾಯಿತು? ನಿಮ್ಮ ಕಥೆ ಇರುವುದು ಅಲ್ಲಿ. ಅದನ್ನೇ ಹಾರಿಸಿಬಿಟ್ಟಿದ್ದೀರಿ.

ಹಸಿದು ದಂಗೆ ಎದ್ದರು ಎಂದಿದ್ದೀರಿ. ಗಡಿ ಕಾಯುವ ಲೀಜನ್ ಸಿಪಾಯಿಗಿಂತ ಇವರ ಸಂಬಳ ಮೂರು ಪಟ್ಟಿಗೂ ಮೇಲಿತ್ತು. ರುಚಿ ಹತ್ತಿದ್ದು ಇನಾಮಿನದು. ಕ್ರಿ.ಶ. 41ರಲ್ಲಿ ತನ್ನನ್ನು ಪಟ್ಟಕ್ಕೆ ಕೂರಿಸಿದ ಇದೇ ಪಡೆಗೆ ಕ್ಲಾಡಿಯಸ್ ತಲೆಗೆ 15,000 ಸೆಸ್ಟರ್ಸ್ (ರೋಮಿನ ನಾಣ್ಯ) ಕೊಡುವ ಮಾತು ಕೊಟ್ಟ. ಮುಂದೆ ಹೊಸಬ ಪಟ್ಟಕ್ಕೆ ಬಂದಾಗ ಕೈಯೊಡ್ಡುವುದು ವಾಡಿಕೆಯಾಯಿತು. ಪರ್ಟಿನಾಕ್ಸನೂ 12,000 ಒಪ್ಪಿಕೊಂಡಿದ್ದ, ಆದರೆ ಜೊತೆಗೆ ಶಿಸ್ತನ್ನೂ ಕಲಿಸಲು ಹೊರಟ. ಪಟ್ಟಕ್ಕೆ ಬಂದ 87 ದಿನಕ್ಕೆ ಮುಗಿದುಹೋದ.

ಇನ್ನು ಹರಾಜು. ‘ಒಂದು ಸಲ, ಎರಡು ಸಲ’ ನಮ್ಮ ಮಂಡಿಯ ಕೂಗು, ಅಲ್ಲಿಗೆ ಹೊಂದುವುದಿಲ್ಲ. ಶಿಬಿರದ ಒಳಗೆ ಪರ್ಟಿನಾಕ್ಸನ ಮಾವ ಸುಲ್ಪಿಸಿಯಾನಸ್, ಹೊರಗೆ ಹಣವಂತ ಡಿಡಿಯಸ್ ಜೂಲಿಯಾನಸ್. ಒಳಗಿನ ಸವಾಲು ತಲೆಗೆ 20,000ಕ್ಕೆ ಬಂದಾಗ ಹೊರಗಿನವನು ಒಮ್ಮೆಲೇ 5,000 ಏರಿಸಿದ. ಬಾಯಲ್ಲೂ ಕೂಗಿದ, ಬೆರಳಲ್ಲೂ ತೋರಿಸಿದ. ನೀವು ದುಡ್ಡಿನಿಂದಲೇ ಗೆಲ್ಲಿಸಿದ್ದೀರಿ. ಆದರೆ ಅವನು ಇನ್ನೊಂದು ಮಾತನ್ನೂ ಹೇಳಿದ್ದ: ಒಳಗಿರುವವನು ನೀವು ಕೊಂದವನ ಮಾವ, ನಾಳೆ ಸೇಡು ತೀರಿಸಿಕೊಳ್ಳದೆ ಬಿಟ್ಟಾನೆಯೇ? ಬಾಗಿಲು ಹಾಕಿಕೊಂಡವರಿಗೆ ಆ ಮಾತು 5,000ಕ್ಕಿಂತ ಕಡಿಮೆ ತೂಕದ್ದಲ್ಲ.

ಮೈಸೂರಿನ ದಳವಾಯಿಗಳಿಗೆ ಹೋಲಿಸಿದ ಪುಟ ತೆಗೆಯಿರಿ. ಅವರು ರಾಜ್ಯದ ಸೇನಾಪತಿಗಳು, ಅರಮನೆಯ ಕಾವಲಿನವರಲ್ಲ. ಶೀರ್ಷಿಕೆಯನ್ನೂ ಬದಲಿಸಿ, ಸಿಂಹಾಸನ, ಕಿರೀಟ ಎಲ್ಲ ನಮ್ಮ ಕಂಪನಿ ನಾಟಕದ ಸಾಮಾನು.

ಕೊನೆಯನ್ನು ನಾಲ್ಕೇ ಸಾಲಲ್ಲಿ ಮುಗಿಸಿದ್ದೀರಿ. ಜೂಲಿಯಾನಸ್ 66 ದಿನ ಆಳಿ ಸತ್ತ, ಡ್ಯಾನ್ಯೂಬ್ ಗಡಿಯಿಂದ ಸೈನ್ಯ ತಂದ ಸೆಪ್ಟಿಮಿಯಸ್ ಸೆವೆರಸ್ ಪಡೆಯನ್ನೇ ವಿಸರ್ಜಿಸಿದ, ಅಷ್ಟೆ. ಅವನು ಅವರನ್ನು ಬಯಲಿಗೆ ಕರೆಸಿದ್ದನ್ನು, ಸುತ್ತುಗಟ್ಟಿ ಬೈದು ಆಯುಧ, ಕುದುರೆ ಕಸಿದುಕೊಂಡು ಓಡಿಸಿದ್ದನ್ನು ವಿವರವಾಗಿ ಬರೆಯಿರಿ. ಆ ಕಾಲದಲ್ಲೇ ಸೆನೆಟರ್ ಆಗಿದ್ದ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಅಲ್ಲಿ ಒಬ್ಬ ಸಿಪಾಯಿಯ ಕುದುರೆಯನ್ನು ವರ್ಣಿಸಿದ್ದಾನೆ. ಅದು ಯಜಮಾನನನ್ನು ಬಿಡಲೊಲ್ಲದೆ ಕೆನೆಯುತ್ತ ಹಿಂದೆ ಹಿಂದೆಯೇ ಬಂತು. ಅವನು ಅದನ್ನೂ ಕೊಂದ, ತನ್ನನ್ನೂ ಕೊಂದುಕೊಂಡ.

ಕಥೆಯನ್ನು ಆ ಸಿಪಾಯಿಯ ಬಾಯಲ್ಲಿ ಹೇಳಿಸಲಾದೀತೇ ನೋಡಿ, ಮತ್ತೆ ಕಳಿಸಿ.